ಒಂಬತ್ತನೇ ಕಾಲಂ

ಮಾರ್ಚ್ 3, ಸೋಮವಾರ

...ಹಾಗಂತ ನಿನ್ನೆ ಬರೆದದ್ದೂ ಪೂರ್ತಿ ಸರಿಯಲ್ಲ. ತಲೆಬುರುಡೆ ಅಳೆದ ಆ ಡಾಕ್ಟರನನ್ನು ಸುಮ್ಮನೆ ಬೈದೆ. ಪುಣ್ಯಾತ್ಮ ಕೊನೇಪಕ್ಷ ಟೇಪು ಹಿಡಿದು ಜೈಲಿಗೆ ಹೋಗಿದ್ದ. ಒಂದೊಂದು ತಲೆಯನ್ನೂ ಮುಟ್ಟಿ ನೋಡಿದ್ದ. ಕಿವಿ ಅಗಲ, ದವಡೆ ಮುಂದೆ, ಹಣೆ ಹಿಂದೆ - ಇವನು ಹುಟ್ಟಾ ಅಪರಾಧಿ. ಸುಳ್ಳೇ. ಆದರೂ ನೋಡಿ ಹೇಳಿದ ಸುಳ್ಳು. ನಾನು ಮೂವತ್ತೊಂದು ವರ್ಷ ಪ್ರೊಬೇಷನ್ ಆಫೀಸರನಾಗಿದ್ದು ಕುರ್ಚಿ ಬಿಟ್ಟು ಏಳದೆ ಹೇಳಿದೆ.

ಬೆಳಗ್ಗೆ ಶೇವ್ ಮಾಡುವಾಗ ಕನ್ನಡಿಯಲ್ಲಿ ನನ್ನ ಕಿವಿ ನೋಡಿಕೊಂಡೆ. ಆಮೇಲೆ ಟೀ ಕುಡಿಯುತ್ತಾ ಮಗಳದ್ದು ನೋಡಿದೆ.

"ಏನು ಹಾಗೆ ನೋಡ್ತಿದ್ದೀರಿ?"

"ಏನಿಲ್ಲ. ಕಿವಿ. ನಿಮ್ಮಮ್ಮಂದೇ."

"ಸದ್ಯ. ನಿಮ್ದು ಬಂದಿದ್ರೆ ಏನೂ ಕೇಳಿಸ್ತಿರಲಿಲ್ಲ."

ಈಚೆಗೆ ತಾರೀಕು ಮರೆಯುತ್ತೇನೆ, ಬರೆದಿಡುತ್ತೇನೆ. ಜನವರಿ ಇಪ್ಪತ್ತು: ಮಗಳು, ವಯಸ್ಸು ಮೂವತ್ತೆಂಟು, ಬಾಟಲಿ ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನು, ಪೆಟ್ಟಿಗೆ ಮುಚ್ಚುವ ಮರದ ಸುತ್ತಿಗೆಯಿಂದ ತನ್ನ ಮೇಸ್ತ್ರಿಯ ಬಲಗೈಗೆ ಹೊಡೆದಳು. ಮೂರು ಬೆರಳು ಮುರಿದವು. ಕೋರ್ಟಿನಲ್ಲಿ ಮೊದಲ ದಿನವೇ ತಪ್ಪೊಪ್ಪಿಕೊಂಡಳು. ಯಾಕೆ ಹೊಡೆದೆ ಅಂತ ಜಡ್ಜು ಕೇಳಿದರೆ, "ಹೊಡೆದಿದ್ದೀನಿ. ಅಷ್ಟೇ." ಮೊದಲ ಅಪರಾಧ, ಹಾಗಾಗಿ ಪ್ರೊಬೇಷನ್ ಆಫೀಸರ ವರದಿ ಕೇಳಿದ್ದಾರೆ. ವರದಿ ಒಳ್ಳೆಯದಾದರೆ ಎರಡು ವರ್ಷದ ಬಾಂಡು, ಹೊರಗೆ. ಕೆಟ್ಟದಾದರೆ ಒಂದು ವರ್ಷ ಒಳಗೆ. ತೀರ್ಮಾನ ಹತ್ತೊಂಬತ್ತಕ್ಕೆ.

ವರದಿಯ ಒಂಬತ್ತನೇ ಕಾಲಂ: ಅಪರಾಧಕ್ಕೆ ಕಾರಣ. ಅದನ್ನು ಎಷ್ಟು ಸಾವಿರ ಸಲ ತುಂಬಿಸಿದ್ದೇನೋ. ಈಗ ಖಾಲಿ ಇರುವುದು ನನ್ನ ಮನೆಯದು.

"ಅಪ್ಪಾ, ಆ ಬೀಗದಕೈ ತಿರುಗಿಸೋದು ನಿಲ್ಲಿಸ್ತೀರಾ?" ನನ್ನ ಬೆರಳಿನಿಂದ ಕಿತ್ತು ಮೊಳೆಗೆ ನೇತುಹಾಕಿದಳು. ಯೋಚನೆಗೆ ಬಿದ್ದರೆ ಕೈ ತಾನಾಗಿ ತಿರುಗಿಸುತ್ತದೆ. ಹಳೇ ಚಟ.

ಮಾರ್ಚ್ 4, ಮಂಗಳವಾರ

ಟ್ರಂಕಿನಿಂದ ಬಿ.ಎ. ಅಪರಾಧಶಾಸ್ತ್ರದ ನೋಟ್ಸು ತೆಗೆದೆ. ಧೂಳಿಗೆ ಏಳು ಸೀನು. ನಮ್ಮ ಪ್ರೊಫೆಸರು ಮೊದಲ ಪಾಠದ ಮೊದಲ ವಾಕ್ಯ ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆದಿದ್ದರು. ಕ್ರೈಮ್ ಈಸ್ ಎ ಫಂಕ್ಷನ್ ಆಫ್... ಯಾವುದರದು? ಅಲ್ಲಿಗೆ ಹುಳ ತಿಂದಿದೆ. ನನ್ನ ತಲೆಗೂ ಅದೇ ಹುಳ ಬಿದ್ದಿರಬೇಕು.

ಉಳಿದದ್ದು ಓದಬಹುದು. ಮೊದಲು ದೆವ್ವ ಹೊಕ್ಕಿದೆ ಅಂದರು. ಆಮೇಲೆ ಬಂದವರು - ದೆವ್ವವೂ ಇಲ್ಲ ಗಿವ್ವವೂ ಇಲ್ಲ, ಸುಖ ಎಷ್ಟು ನೋವು ಎಷ್ಟು ಅಂತ ತೂಗಿ ನೋಡಿ ಮಾಡುತ್ತಾನೆ. ಶಿಕ್ಷೆ ಒಂದು ಗುಲಗಂಜಿ ಹೆಚ್ಚಿಗೆ ಇಡಿ, ಸಾಕು. ಆಮೇಲೆ ಬುರುಡೆ ಡಾಕ್ಟರು. ಆಮೇಲೆ ಊರಿನ ಮ್ಯಾಪಿನ ಮೇಲೆ ಕಂಪಾಸಿಟ್ಟು ವೃತ್ತ ಎಳೆದವರು: ಯಾರು ಬಂದು ನೆಲಸಲಿ, ಎರಡನೇ ವೃತ್ತದಲ್ಲೇ ಕಳ್ಳತನ. ಮನುಷ್ಯ ಕೆಟ್ಟವನಲ್ಲ, ಓಣಿ ಕೆಟ್ಟದ್ದು. ಒಬ್ಬ ಅಂದ, ಅಪರಾಧ ಕಲಿಯುವ ವಿದ್ಯೆ, ಮಗ್ಗಿಯ ಹಾಗೆ, ಜೊತೆಯವರಿಂದ. ಡಿಫರೆನ್ಷಿಯಲ್ ಅಸೋಸಿಯೇಷನ್. ಆ ಪದ ಮಾತ್ರ ಇವತ್ತಿಗೂ ಬಾಯಿಪಾಠ - ಮದುವೆಯಾದ ಹೊಸದರಲ್ಲಿ ಹೆಂಡತಿಯ ಮುಂದೆ ಹೇಳಿ ದೊಡ್ಡ ಮನುಷ್ಯನಾಗಿದ್ದೆ. ಇನ್ನೊಬ್ಬ: ಎಲ್ಲರಿಗೂ ಒಂದೇ ಮಹಡಿ ತೋರಿಸಿ, ಏಣಿ ಮಾತ್ರ ಕೆಲವರಿಗೆ ಕೊಟ್ಟರೆ ಮಿಕ್ಕವರು ಗೋಡೆ ಹತ್ತುತ್ತಾರೆ. ಇದು ಇಷ್ಟವಾಗಿತ್ತು. ಪರೀಕ್ಷೆಗೆ ಬರಲಿಲ್ಲ.

ಹೆಂಗಸರ ಬಗ್ಗೆ ಒಂದೇ ಸಾಲು. ವಿಮೆನ್ - ಸೇಮ್ ಆಸ್ ಅಬೋವ್, ಬಟ್ ಲೆಸ್.

ಇಷ್ಟನ್ನೂ ಓದಿದವನು ಮಾಡಿದ್ದೇನು? ಕೇಸು ರಾಶಿ, ಟೈಪಿಸ್ಟು ಒಬ್ಬನೇ. ನಾಲ್ಕು ಪ್ಯಾರಾ ಬರೆದು, ರಟ್ಟಿಗೆ ಅಂಟಿಸಿ, ಅವನ ಮೆಷೀನಿನ ಪಕ್ಕ ತೂಗುಹಾಕಿದೆ. ಒಂದು, ಬಡತನ. ಎರಡು, ಸಹವಾಸ. ಮೂರು, ಮನೆ. ನಾಲ್ಕು, ರಕ್ತ. ಫೈಲು ಬಂದರೆ ಅವನು ತಲೆಯೆತ್ತದೆ ಕೇಳುತ್ತಿದ್ದ, "ಎಷ್ಟು ಸಾರ್?" ನಾನು, "ಎರಡು ಹಾಕಯ್ಯ." ಹೋಟೆಲಿನಲ್ಲಿ ಟೀ ಹೇಳಿದ ಹಾಗೆ.

ಹೆಂಗಸರಿಗೆ ಸಾಮಾನ್ಯವಾಗಿ ನಾಲ್ಕು. ಯಾಕೆ ಅಂತ ಗೊತ್ತಿಲ್ಲ... ಇಲ್ಲ, ಗೊತ್ತು. ಅವರ ಮನೆಗೆ ಹೋಗಿ ವಿಚಾರಿಸುವುದು ಮುಜುಗರ. ನಾಲ್ಕಕ್ಕೆ ಯಾರ ಮನೆಗೂ ಹೋಗಬೇಕಿಲ್ಲ.

ಮಾರ್ಚ್ 6, ಗುರುವಾರ

ಆಫೀಸರಮ್ಮ ಬಂದಿದ್ದಳು. ನಾನಿದ್ದ ಕುರ್ಚಿಯಲ್ಲಿ ಈಗ ಕೂರುವವಳು. ಮೂವತ್ತು ದಾಟಿರಲಿಕ್ಕಿಲ್ಲ. ಕೈಯಲ್ಲಿ ಹೆಲ್ಮೆಟ್ಟು, ಮೂರು ಮಹಡಿ ಹತ್ತಿ ಏದುಸಿರು. ಮೆಚ್ಚಬೇಕು, ಮನೆಗೇ ಬಂದಳು.

"ಸಾರ್, ಆಫೀಸಲ್ಲಿ ನಿಮ್ಮ ಹೆಸರು ಈಗಲೂ ಹೇಳ್ತಾರೆ. ಒಂದು ವರದೀನೂ ಬಾಕಿ ಉಳಿಸ್ತಿರಲಿಲ್ಲವಂತೆ."

ಮಗಳು ಬಟಾಣಿ ಬಿಡಿಸುತ್ತಿದ್ದವಳು ನನ್ನ ಕಡೆ ಒಂದು ಸಲ ನೋಡಿದಳು.

"ಯಾಕೆ ಹೊಡೆದ್ರಿ ಅಕ್ಕಾ?"

"ಸಿಟ್ಟು ಬಂತು."

"ಯಾಕೆ ಬಂತು?"

"ಬರೋ ಹಾಗಿತ್ತು."

"ಅವರು ಏನಾದ್ರೂ... ಕೈ ಗೀ..."

"ಮುಟ್ಟಿಲ್ಲ. ಹಾಗೆಲ್ಲ ಬರ್ಕೋಬೇಡಿ, ಸುಳ್ಳಾಗುತ್ತೆ."

ಆಫೀಸರಮ್ಮ ಪೆನ್ನಿನ ಕ್ಯಾಪು ಹಾಕಿದಳು, ತೆಗೆದಳು. ನನ್ನನ್ನು ಮೆಟ್ಟಿಲ ತನಕ ಕರೆದುಕೊಂಡು ಹೋಗಿ ಪಿಸುದನಿಯಲ್ಲಿ, "ಕಾರಣ ಇಲ್ಲದೆ ಹೊಡೆದವರನ್ನ ಜಡ್ಜು ಹೊರಗೆ ಬಿಡಲ್ಲ ಸಾರ್. ಕಾರಣ ಇದ್ರೆ ತಿದ್ದಬಹುದು ಅಂತಾರೆ. ಏನಾದ್ರೂ ಒಂದು ಕೊಡಿ, ನಿಮಗೇ ಗೊತ್ತಲ್ಲ."

ನನಗೇ ಗೊತ್ತು. ಏನಾದರೂ ಒಂದು.

ಮಲಗುವ ರೂಮಿನ ಬಾಗಿಲಲ್ಲಿ, ಹಳೇ ಬೀಗ ಇದ್ದ ಜಾಗದ ತೂತಿನಿಂದ ಗಾಳಿ ಬರುತ್ತಿದೆ. ಹೆಂಡತಿ ತುರುಕಿದ್ದ ಬಟ್ಟೆ ಚೂರು ಲಡ್ಡಾಗಿ ಬಿದ್ದುಹೋಗಿದೆ. ಪೇಪರು ಮಡಚಿ ಇಟ್ಟೆ.

ಮಾರ್ಚ್ 7, ಶುಕ್ರವಾರ

ಭಾವಮೈದ ಬಂದ. ಹೆಂಡತಿಯ ತಮ್ಮ, ಗಡಿಯಾರ ರಿಪೇರಿ. ಕೂರುವ ಮೊದಲೇ ನಮ್ಮ ಗೋಡೆ ಗಡಿಯಾರ ನೋಡಿ ಮೂರು ನಿಮಿಷ ಲೇಟು ಅಂತ ತಿರಸ್ಕಾರ.

"ರಕ್ತ ನಿಮ್ಮ ಕಡೇದು ಭಾವ. ನಮ್ಮಕ್ಕ ಇರುವೆ ಸಾಲು ಕಂಡ್ರೂ ಸುತ್ತಿ ಹೋಗೋಳು."

"ನಿಮ್ಮಕ್ಕ ನನ್ನ ಮೇಲೆ ಲೋಟ ಎಸೆದಿದ್ದಾಳೆ ಮಾರಾಯ."

"ತಾಗಿತ್ತಾ?"

"ಇಲ್ಲ."

"ಮತ್ತೆ! ಎಸೀಬೇಕು ಅಂತ ಎಸೆದಿದ್ರೆ ತಾಗ್ತಿತ್ತು."

ಮಗಳು ನಕ್ಕಳು. ಒಂದೂವರೆ ತಿಂಗಳ ಮೇಲೆ. ಅವನಿಗೆ ಅಷ್ಟೇ ಸಾಕಾಯಿತು. "ಬಾರೇ ನಮ್ಮನೇಗೆ, ಮೇಲಿನ ರೂಮು ಖಾಲಿ ಇದೆ. ಇಲ್ಲಿ ನೀವಿಬ್ರೂ ಒಂದೇ ಗೋಡೇಗೆ ಹಾಕಿದ ಎರಡು ಗಡಿಯಾರ. ಇಡೀ ದಿನ ಟಿಕ್‌ಟಿಕ್, ಒಂದಕ್ಕೊಂದು ಟೈಮು ಕೂಡಲ್ಲ."

"ಅವಳೆಲ್ಲಿಗೂ ಬರಲ್ಲ," ಅಂದೆ. ಸ್ವಲ್ಪ ಜೋರಾಯಿತು. ಹೆಂಡತಿ ಹೋದ ಮೇಲೆ ಈ ಮನೆಯಲ್ಲಿ ಇನ್ನೊಂದು ಲೋಟದ ಸದ್ದು ಅಂದರೆ ಅವಳದೇ.

ಹೋಗುವಾಗ ಬಾಗಿಲ ತೂತು ನೋಡಿ, "ಅಕ್ಕ ನಿಮ್ಮ ಕೈಯಲ್ಲೇ ಈ ಬೀಗ ಕಿತ್ತಿಸಿದ್ಲಲ್ಲ ಭಾವ, ಯಾಕೆ?"

"ತುಕ್ಕು ಹಿಡಿದಿತ್ತು."

ಮಗಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಮಾರ್ಚ್ 8, ಶನಿವಾರ, ಮಧ್ಯಾಹ್ನ

ಬರೆಯಲೋ ಬೇಡವೋ. ಯಾರು ಓದುತ್ತಾರೆ, ಬರೆಯುತ್ತೇನೆ.

ಹನ್ನೊಂದಕ್ಕೆ ಬೆಲ್ಲು. ಬಾಗಿಲಲ್ಲಿ ಒಂದು ಸಣ್ಣ ಹುಡುಗಿ, ಆರು ತಿಂಗಳ ಬಸುರಿ, ಕೈಯಲ್ಲಿ ಚೀಲ. ಪ್ಯಾಕಿಂಗಿನಲ್ಲಿ ಎಲ್ಲರೂ ಗುಬ್ಬಿ ಅನ್ನುತ್ತಾರಂತೆ. ಮಗಳ ಲಾಕರಿನ ಸಾಮಾನು ತಂದಿದ್ದಳು - ಊಟದ ಡಬ್ಬಿ, ಚಪ್ಪಲಿ, ಶಾಲು.

"ಅಕ್ಕ ಇದ್ದಾರಾ ಅಂಕಲ್?"

"ಸ್ಟೇಷನ್ನಿಗೆ ಸಹಿ ಹಾಕೋಕೆ ಹೋಗಿದ್ದಾಳೆ."

"ಒಳ್ಳೇದಾಯ್ತು. ಅವರಿದ್ರೆ ಹೇಳೋಕೆ ಬಿಡಲ್ಲ."

ಕೂರು ಅಂದರೂ ಕೂರಲಿಲ್ಲ. ನಿಂತೇ ಹೇಳಿದಳು. ನಲವತ್ತೊಂದು ಹೆಂಗಸರಿಗೆ ಒಂದು ಲೆಟ್ರಿನ್ನು. ಹೊಸ ವರ್ಷದಿಂದ ಅದಕ್ಕೆ ಬೀಗ, ಬೀಗದಕೈ ಮೇಸ್ತ್ರಿಯ ಹತ್ತಿರ. ಕೆಲಸ ಕದ್ದು ಅಲ್ಲಿ ಹೋಗಿ ಕೂರುತ್ತಾರಂತೆ. ಹೋಗಬೇಕಾದವರು ಅವನ ಮುಂದೆ ನಿಂತು ಕೇಳಬೇಕು.

"ಹತ್ತು ನಿಮಿಷ ಆಗ್ಲಿ ಅಂತಾನೆ. ಬೀಗದಕೈ ಬೆರಳಲ್ಲಿ ಹಿಂಗೆ ಗರಗರ ತಿರುಗಿಸ್ತಾ ಗಡಿಯಾರ ನೋಡ್ತಾನೆ. ನನಗೆ ಈ ಹೊಟ್ಟೇಲಿ ತಡಿಯೋಕೆ ಆಗಲ್ಲ ಅಂಕಲ್. ಅವತ್ತು ಮೂರು ಸಲ ಕೇಳಿದೆ. ಮೂರನೇ ಸಲ ಕೇಳ್ತಾ ಇರುವಾಗ್ಲೇ... ನಿಂತಲ್ಲೇ ಆಗೋಯ್ತು. ಎಲ್ಲರ ಮುಂದೆ. ಅವನು ನಕ್ಕ. ‘ಇನ್ನು ಕೀ ಬೇಡ ಅಲ್ವಾ’ ಅಂದ. ಅಕ್ಕ ಪಕ್ಕದ ಪೆಟ್ಟಿಗೆ ಹತ್ರ ಇದ್ರು. ಏನೂ ಬೈಲಿಲ್ಲ. ಅವನ ಇನ್ನೊಂದು ಕೈ ಪೆಟ್ಟಿಗೆ ಮುಚ್ಚಳದ ಮೇಲಿತ್ತು. ಅಷ್ಟೇ ನನಗೆ ಗೊತ್ತು."

"ಇದನ್ನ ಯಾಕಮ್ಮ ಯಾರೂ ಹೇಳಲಿಲ್ಲ?"

"ಹೇಳಬೇಡಿ ಅಂತ ನಾನೇ ಅಕ್ಕನ ಕಾಲು ಹಿಡ್ಕೊಂಡೆ. ನನ್ನ ಗಂಡನಿಗೂ ಗೊತ್ತಿಲ್ಲ. ಈಗ್ಲೇ ಸೆಕ್ಷನ್ನಲ್ಲಿ ನನಗೆ ಬೇರೆ ಹೆಸರು ಇಟ್ಟಿದ್ದಾರೆ, ಗುಬ್ಬಿ ಅಲ್ಲ. ಇವತ್ತು ನಿಜ ಹೇಳಿಬಿಡಿ ಅನ್ನೋಕೆ ಬಂದೆ ಅಂಕಲ್. ಮನೇಲಿ ಧೈರ್ಯ ಇತ್ತು. ನಿಮ್ಮ ಮೆಟ್ಟಿಲು ಹತ್ತೋ ಹೊತ್ತಿಗೆ ಹೋಯ್ತು."

ಅಷ್ಟರಲ್ಲಿ ಮಗಳು. ಬಾಗಿಲಲ್ಲೇ ಅರ್ಥ ಮಾಡಿಕೊಂಡಳು.

"ಹೇಳಿಬಿಟ್ಯಾ ಗೂಬೆ?" ಅವಳ ಬೆನ್ನು ಸವರಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಕಾಲಮ್ಮಿಗೆ ಇವಳನ್ನ ಹಾಕಿದ್ರೋ, ಕೋರ್ಟಲ್ಲಿ ನಿಂತು ನಮ್ಮಪ್ಪ ಸುಳ್ಳುಗಾರ ಅಂತೀನಿ."

ಮಾತು ಕೊಟ್ಟೆ.

ಮಾರ್ಚ್ 9, ಭಾನುವಾರ

ನೋಟ್ಸಿನ ಕೊನೆಯಲ್ಲಿ ಎರಡು ಥಿಯರಿ ಇವೆ, ಕ್ಲಾಸಿಗೆ ಚಕ್ಕರ್ ಹಾಕಿ ಇನ್ನೊಬ್ಬನಿಂದ ಕಾಪಿ ಮಾಡಿದ್ದು. ಒಂದು: ಜನ ಒಬ್ಬನಿಗೆ ಒಂದು ಹೆಸರು ಅಂಟಿಸುತ್ತಾರೆ, ಆಮೇಲೆ ಅವನು ಆ ಹೆಸರಿನೊಳಗೇ ಬದುಕುತ್ತಾನೆ. ಲೇಬಲಿಂಗ್. ಮಗಳು ಓದಿಲ್ಲ. ಇನ್ನೊಂದು ಹುಡುಗಿಗೆ ಆ ಲೇಬಲ್ಲು ಅಂಟಬಾರದು ಅಂತ ತಾನು ಬೇರೊಂದು ಅಂಟಿಸಿಕೊಂಡು ಬಂದಿದ್ದಾಳೆ.

ಎರಡು: ಅವನು ಯಾಕೆ ಮಾಡಿದ ಅಂತ ಕೇಳಬೇಡಿ, ಮಿಕ್ಕವರು ಯಾಕೆ ಮಾಡಲಿಲ್ಲ ಅಂತ ಕೇಳಿ. ನಲವತ್ತೊಂದು ಜನ. ನಲವತ್ತು ಜನ ಸುಮ್ಮನೆ ನಿಂತಿದ್ದರಲ್ಲ, ಅದಕ್ಕೆ ಕಾರಣ ಏನು? ಆ ಕಾಲಂ ನಮ್ಮ ಫಾರಮ್ಮಿನಲ್ಲಿಲ್ಲ. ಮೇಸ್ತ್ರಿಗೂ ಕಾಲಂ ಇಲ್ಲ. ಅವನು ‘ಗಾಯಾಳು’. ಐದನೇ ಕಾಲಂ. ಬೆರಳುಗಳ ಸಂಖ್ಯೆ ಬರೆದರೆ ಮುಗಿಯಿತು.

ಮಾರ್ಚ್ 12

ಏನೂ ಇಲ್ಲ. ಮೊಟ್ಟೆ ಬೇಯಿಸಿದೆ. ಒಡೆಯಿತು.

ಮಾರ್ಚ್ 15, ಶನಿವಾರ

ಆಫೀಸಿಗೆ ಹೋಗಿದ್ದೆ. ಅದೇ ಗೋಡೆ, ಬಣ್ಣ ಬೇರೆ. ಟೈಪಿಸ್ಟು ಕೂರುತ್ತಿದ್ದಲ್ಲಿ ಪ್ರಿಂಟರು. ಆಫೀಸರಮ್ಮ ಕರಡು ತೋರಿಸಿದಳು. ಕನ್ನಡಕ ಹಾಕಿ ಒಂಬತ್ತನೇ ಕಾಲಮ್ಮಿಗೆ ಬಂದೆ.

"ಆರೋಪಿಯ ಸಿಡುಕು ಸ್ವಭಾವವು ತಾಯಿಯ ಕಡೆಯಿಂದ ಬಂದಂತೆ ತೋರುತ್ತದೆ. ಇಂಥ ಸ್ವಭಾವವು ಕೆಂಡದ ಮೇಲಿನ ಬೂದಿಯಂತಿದ್ದು, ಬಾಂಡಿನ ಮೇಲೆ ಬಿಡುವುದರಿಂದ ತಿದ್ದುಪಡಿಯ ನಿರೀಕ್ಷೆ ಕಡಿಮೆ."

ಕೆಂಡದ ಮೇಲಿನ ಬೂದಿ. ನನ್ನ ಬೂದಿ. ಆ ಉಪಮೆ ಹೊಳೆದ ದಿನ ಟೈಪಿಸ್ಟಿಗೆ ಟೀ ಕೊಡಿಸಿದ್ದೆ.

"ಇದು ಎಲ್ಲಿಂದ ಬಂತಮ್ಮ?"

"ಕಂಪ್ಯೂಟರಲ್ಲೇ ಇದೆ ಸಾರ್. ನಾಲ್ಕು ಇದಾವೆ, ಸೆಲೆಕ್ಟ್ ಮಾಡಿದ್ರೆ ಬಂದು ಕೂರುತ್ತೆ."

"ಯಾರು ಬರೆದದ್ದು?"

"ಗೊತ್ತಿಲ್ಲ ಸಾರ್. ಮೊದಲಿಂದ್ಲೂ ಇದೆ. ನೀವು ಏನೂ ಕೊಡಲಿಲ್ಲ, ಅಕ್ಕನೂ ಬಾಯಿ ಬಿಡಲಿಲ್ಲ. ಏನೂ ಸಿಗದೇ ಇದ್ರೆ ಇದೇ ಹಾಕೋದು ಇಲ್ಲಿನ ಪದ್ಧತಿ."

ಬೆಂಚಿನ ಮೇಲೆ ಕೂತುಬಿಟ್ಟೆ. ದರ್ಜಿ ಹೆಂಗಸು ಒಬ್ಬಳಿದ್ದಳು, ಮಾಲೀಕನ ಮೇಲೆ ಕತ್ತರಿ ಎಸೆದವಳು. ನಾಲ್ಕು ಹಾಕಿದೆ. ಯಾಕೆ ಎಸೆದಳು? ಕೇಳಲೇ ಇಲ್ಲ. ಶಾಲೆಯ ಅಡುಗೆಯವಳು, ಬಿಸಿನೀರು. ನಾಲ್ಕು. ಇನ್ನೂ ಎಷ್ಟೋ. ಎಲ್ಲರ ತಾಯಂದಿರನ್ನೂ ಬೂದಿ ಕೆದಕಿ ಕೆಂಡ ಮಾಡಿದೆ. ಈಗ ಸತ್ತು ನಾಲ್ಕು ವರ್ಷವಾದ ನನ್ನ ಹೆಂಡತಿಯ ಸರದಿ. ಇರುವೆ ಸುತ್ತಿ ಹೋಗುತ್ತಿದ್ದವಳು.

"ಮೂರು ಹಾಕಮ್ಮ," ಅಂದೆ.

"ಮೂರಕ್ಕೆ ಮನೆಯವರ ಲಿಖಿತ ಹೇಳಿಕೆ ಬೇಕು ಸಾರ್, ಘಟನೆ ಸಮೇತ. ಸುಮ್ನೆ ವಾತಾವರಣ ಸರಿ ಇರಲಿಲ್ಲ ಅಂದ್ರೆ ಈ ಜಡ್ಜು ಒಪ್ಪಲ್ಲ. ಆಮೇಲೆ ಮೂರಕ್ಕೆ ಒಂದು ಬಾಲ ಇದೆ..."

"ಸದರಿ ಮನೆಯಿಂದ ದೂರವಿರಿಸುವುದು ಸೂಕ್ತ. ಗೊತ್ತು. ಬಾಲ ಅಂಟಿಸಿದ್ದು ನಾನೇ."

ತಮಾಷೆ ಅಂದುಕೊಂಡು ನಕ್ಕಳು. "ಎರಡು ವರ್ಷ ಅಕ್ಕ ಬೇರೆ ಕಡೆ ಇರಬೇಕಾಗುತ್ತೆ ಸಾರ್. ನೀವು ಹೋಗಿ ನೋಡೋ ಹಾಗೂ ಇಲ್ಲ. ಯೋಚನೆ ಮಾಡಿ. ಮಂಗಳವಾರ ಸಂಜೆ ಆರಕ್ಕೆ ಬಂದು ತಗೊಂಡು ಹೋಗ್ತೀನಿ."

ಮಾರ್ಚ್ 16, ಭಾನುವಾರ

ಸುಳ್ಳು ಬರೆಯಲು ಕೂತೆ. ಕುಡಿಯುತ್ತಿದ್ದೆ ಅಂತ ಬರೆದೆ. ಒಂದು ತೊಟ್ಟು ಮುಟ್ಟಿದವನಲ್ಲ, ಇಡೀ ಬೀದಿಗೆ ಗೊತ್ತು. ಹರಿದೆ. ಹೆಂಡತಿಗೆ ಹೊಡೆಯುತ್ತಿದ್ದೆ ಅಂತ ಬರೆದೆ. ಒಂದು ಏಟು ಹಾಕಿಲ್ಲ. ಹರಿದೆ. ಎಷ್ಟು ಒಳ್ಳೆಯವನು ನಾನು. ಮಗಳನ್ನು ಬಿಡಿಸಲು ಒಂದು ಕೆಟ್ಟ ಕೆಲಸ ಹುಡುಕಿದರೆ ಸಿಗುತ್ತಿಲ್ಲ.

ಬಾಗಿಲ ತೂತಿನಲ್ಲಿಟ್ಟ ಪೇಪರು ಗಾಳಿಗೆ ಬಿತ್ತು. ಎದ್ದು ಹೋಗಿ ತುರುಕಿದೆ. ಬೆರಳು ಅಲ್ಲೇ ನಿಂತಿತು.

ತುಕ್ಕಲ್ಲ.

ಮಾರ್ಚ್ 17, ಸೋಮವಾರ

ಕೇಳಿಯೇಬಿಟ್ಟೆ. ಅವಳು ಬಟ್ಟೆ ಒಣಹಾಕುತ್ತಿದ್ದಳು. ನಾನು ಕ್ಲಿಪ್ಪು ಕೊಡುತ್ತಿದ್ದೆ.

"ಈ ರೂಮಿಗೆ ಬೀಗ ಇತ್ತಲ್ಲ. ಒಂದು ದಿನ... ನಿನಗೆ ಆರು ವರ್ಷ. ನೆನಪಿದೆಯಾ?"

"ನಿಮಗೆ ನೆನಪಿದೆಯಾ? ನೀವು ಮರೆತಿದ್ದೀರಿ ಅಂತ ಅಮ್ಮ ಕೊನೇ ತನಕ ಅಂದ್ಕೊಂಡಿದ್ಲು."

ಕ್ಲಿಪ್ಪು ಕೊಟ್ಟೆ.

"ಅವತ್ತು ಸಂಜೆ ನೀವು ಬಂದು ಬಾಗಿಲು ತೆಗೆದ್ರಲ್ಲ. ಅಮ್ಮ ಮೊದಲು ಎಲ್ಲಿಗೆ ಓಡಿದ್ಲು, ಆಮೇಲೆ ಏನು ತೊಳೀತಾ ಕೂತಿದ್ಲು, ನೋಡಿದ್ರಾ?"

"ಇಲ್ಲ."

"ನಾನು ನೋಡಿದೆ."

ಇನ್ನೊಂದು ಬಟ್ಟೆ ಕೊಡವಿ ಹಾಕಿದಳು. ಆಮೇಲೆ ಕೇಳಿದೆ, "ಅದಕ್ಕೇನಾ? ಅವನಿಗೆ ಹೊಡೆದದ್ದು?"

"ಅಯ್ಯೋ ಅಪ್ಪಾ. ಎಲ್ಲಾ ಕಡೆ ನೀವೇ ಕಾರಣ ಆಗಬೇಕು ನಿಮಗೆ. ಗುಬ್ಬಿ ಅಳ್ತಾ ನಿಂತಿದ್ಲು, ಅವನು ಬೀಗದಕೈ ತಿರುಗಿಸ್ತಾ ನಗ್ತಿದ್ದ. ಹೊಡೆದೆ. ಥಿಯರಿ ಗೀಯರಿ ಏನೂ ಇಲ್ಲ." ಕೊನೇ ಟವೆಲು ಹಾಕಿದಳು. "ಆದ್ರೂ ಬರೀರಿ. ಇಷ್ಟು ವರ್ಷ ಸುಮ್ನೆ ಬಿದ್ದಿತ್ತು. ಉಪಯೋಗಕ್ಕೆ ಬಂದ್ರೆ ಬರಲಿ."

"ಬರೆದ್ರೆ ನೀನು ಎರಡು ವರ್ಷ ಈ ಮನೇಲಿ ಇರೋ ಹಾಗಿಲ್ಲ."

"ಗೊತ್ತು. ಆಫೀಸರಮ್ಮ ಫೋನ್ ಮಾಡಿದ್ರು. ಮಾವನ ಮನೇಗೆ ಹೋಗ್ತೀನಿ." ಬಕೆಟ್ಟು ಎತ್ತಿಕೊಂಡಳು. "ಬೇಡ ಅನ್ನಿಸಿದ್ರೆ ಬಿಡಿ. ನಾನು ಜೈಲಿಗೆ ಹೋಗ್ತೀನಿ. ನಿಮ್ಮ ಮುಂದೆ ಕೇಳೋಕೆ ಮಾತ್ರ ನಿಲ್ಲಲ್ಲ."

ಮಾರ್ಚ್ 18, ಮಂಗಳವಾರ, ಸಂಜೆ 5.10

ಹೇಳಿಕೆ ಬರೆದಾಯಿತು. ಸಹಿಯೊಂದು ಬಾಕಿ. ಕೊಡುವ ಮೊದಲು ನಕಲು ಇಲ್ಲಿರಲಿ, ಆಫೀಸಿನ ಅಭ್ಯಾಸ. ಕಿಟಕಿ ಪಕ್ಕ ಕೂತಿದ್ದೇನೆ. ಭಾವಮೈದ ಬಂದು ಮಗಳ ಸೂಟ್‌ಕೇಸು ಕೆಳಗೆ ಒಯ್ದ. ಹೋಗುವಾಗ ನಮ್ಮ ಗಡಿಯಾರವನ್ನು ಮೂರು ನಿಮಿಷ ಮುಂದಕ್ಕೆ ಇಟ್ಟ. ಅವಳು ಒಳಗೆ ನನ್ನ ಔಷಧಿ ಡಬ್ಬಗಳಿಗೆ ಬೆಳಗ್ಗೆ, ರಾತ್ರಿ ಅಂತ ಚೀಟಿ ಅಂಟಿಸುತ್ತಿದ್ದಾಳೆ.

"ಮೂವತ್ತೆರಡು ವರ್ಷದ ಹಿಂದೆ, ಒಂದು ಬುಧವಾರ ಬೆಳಗ್ಗೆ ಒಂಬತ್ತೂವರೆಗೆ, ನನ್ನ ಹೆಂಡತಿ ಹೊಲಿಗೆ ಕ್ಲಾಸಿಗೆ ಸೇರಿಕೊಳ್ಳುತ್ತೇನೆ ಅಂದಳು. ಬೇಡ ಅಂದೆ. ಹೋಗೇ ಹೋಗುತ್ತೇನೆ ಅಂದಳು. ಅವಳು ಚಪ್ಪಲಿ ಹುಡುಕಲು ರೂಮಿನೊಳಗೆ ಹೋದಾಗ ಹೊರಗಿನಿಂದ ಬೀಗ ಹಾಕಿದೆ. ನಾನು ಬೈಯಲಿಲ್ಲ. ಕೈ ಎತ್ತಲಿಲ್ಲ. ಆಗ ಅದು ನನ್ನ ಹೆಮ್ಮೆ. ಒಳಗಿನಿಂದ ಅವಳು ಏನೋ ಹೇಳಿದಳು, ನಾನು ಕೇಳಿಸಿಕೊಳ್ಳಲಿಲ್ಲ. ಮಗಳು ಬಾಗಿಲಿಗೆ ಕಿವಿಯಿಟ್ಟು ಕೇಳಿ ನನ್ನ ಹತ್ತಿರ ಬಂದಳು. ‘ಅಪ್ಪಾ, ಅಮ್ಮ ಬಾತ್‌ರೂಮಿಗೆ ಹೋಗಬೇಕಂತೆ. ಬೀಗದಕೈ ಕೊಡಿ.’ ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಬೀಗದಕೈ ಬೆರಳಿನಲ್ಲಿ ತಿರುಗುತ್ತಿತ್ತು. ನಾನು ಗಡಿಯಾರ ನೋಡಿ, ಆಫೀಸಿಗೆ ಲೇಟಾಯಿತು, ಸಂಜೆ ಬರುತ್ತೇನಲ್ಲ ಅಂದೆ. ಬೀಗದಕೈ ಜೇಬಿಗೆ ಹಾಕಿಕೊಂಡೆ. ಸಂಜೆ ಆರಕ್ಕೆ ಬಂದು ಬಾಗಿಲು ತೆಗೆದೆ. ಈ ಬಗ್ಗೆ ನನ್ನನ್ನು ಯಾರೂ ಯಾವತ್ತೂ ವಿಚಾರಿಸಿಲ್ಲ."

ಹೇಳಿಕೆ ಇಷ್ಟು. ಅದರಲ್ಲಿ ಬರೆಯದ್ದು ಇಲ್ಲಿಗೆ: ಅವತ್ತು ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ಮೂರು ಫೈಲು. ಮೂರೂ ಹೆಂಗಸರದು. ಟೈಪಿಸ್ಟು ತಲೆಯೆತ್ತದೆ ಕೇಳಿದ, "ಎಷ್ಟು ಸಾರ್?" ಜೇಬಿನೊಳಗೆ ಕೈ ಹಾಕಿಕೊಂಡೇ ನಾನು...

ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಕಣ್ಣು ಅಂದುಕೊಂಡೆ, ಅಲ್ಲ. ಮೋಡ ಮುಚ್ಚಿ ಬೆಳಕು ಹೋಗುತ್ತಿದೆ. ಸ್ವಿಚ್ಚು ಆ ಬಾಗಿಲ ಪಕ್ಕ. ಎದ್ದರೆ ಮತ್ತೆ ಬಂದು ಕೂರುವವನಲ್ಲ ನಾನು, ಗೊತ್ತು. ಕೆಳಗೆ ಗಾಡಿ ನಿಂತ ಸದ್ದಾಯಿತು. ಮೆಟ್ಟಿಲಲ್ಲಿ ಹೆಜ್ಜೆ. ಒಂದು ಸಹಿಗೆ ಇಷ್ಟು ಬೆಳಕು ಸಾಕು, ಅದನ್ನು ಮೊದಲು